ಅರವತ್ನಾಲ್ಕು ಹಾಳೆಗಳ ಕೈ

ಕೆಂಪು ಗೇಟಿನ ಸ್ಟುಡಿಯೋ ಎಂದರೆ ನಮ್ಮ ಊರಿನವರು ಇವತ್ತಿಗೂ ಅಲ್ಲಿ ತಯಾರಾದ ಸಾಮಾಜಿಕ ಚಿತ್ರಗಳನ್ನು, ಅರಮನೆಯ ಸೆಟ್ಟನ್ನು, ಒಂದು ಸಲ ಗೇಟು ದಾಟಿ ಪೇಟೆಗೆ ನಡೆದುಕೊಂಡು ಬಂದ ಆನೆಯನ್ನು ನೆನೆಸಿಕೊಳ್ಳುತ್ತಾರೆ. ಅದೇ ಕಾಂಪೌಂಡಿನ ಹಿಂಭಾಗದಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಹೆಂಚಿನ ಕಟ್ಟಡದಲ್ಲಿ, ಕೈಯಲ್ಲಿ ಬರೆದ ಚಿತ್ರಗಳು ನಡೆದಾಡುವ ಸಿನಿಮಾ ತಯಾರಿಸುವ ಬೊಂಬೆ ಸೆಕ್ಷನ್ ಎಂಬುದೊಂದು ಹನ್ನೊಂದು ವರ್ಷ ನಡೆಯಿತು ಎನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ ಎಂದು ಕಾಣುತ್ತದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಕಾಗದಪತ್ರಗಳಲ್ಲಿ ಅದಕ್ಕೆ ದೊಡ್ಡ ಸಂಸ್ಕೃತದ ಹೆಸರೊಂದಿತ್ತು. ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಅದನ್ನು ಕಟ್ಟಿದವರು ಮೋನಪ್ಪಾಚಾರ್ ಎಂಬುವರು. ಮೊದಲು ನಾಟಕದ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದರು. ಒಂದೇ ಕುದುರೆಯನ್ನು ಏಳು ಪರದೆಗಳ ಮೇಲೆ ಸ್ವಲ್ಪ ಸ್ವಲ್ಪ ಬೇರೆಯಾಗಿ ಬರೆದು, ಒಂದರ ಹಿಂದೊಂದು ಬೇಗ ಬೇಗ ಎಳೆಸಿ, ಕುದುರೆ ಓಡಿದ ಹಾಗೆ ಮಾಡಿದರಂತೆ. ಆ ದಿನ ಮುಂದಿನ ಸಾಲಿನಲ್ಲಿ ಕೂತಿದ್ದ ಸ್ಟುಡಿಯೋದ ಯಜಮಾನರು ನಾಟಕ ಮುಗಿಯುವ ಮೊದಲೇ ಒಳಗೆ ಹೋಗಿ ಅವರನ್ನು ಕೆಲಸಕ್ಕೆ ಕರೆದರಂತೆ. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು.

ನಾನು ತರ್ಕಶಾಸ್ತ್ರ ಮತ್ತು ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದ್ದೆ. ಸಂಭಾಷಣೆಗಳನ್ನು ನಕಲು ಮಾಡುವ ಕೆಲಸ ಖಾಲಿ ಇದೆಯೆಂದು ಕೇಳಿ ಸ್ಟುಡಿಯೋಗೆ ಹೋದರೆ, ಗೇಟಿನವನು ತಪ್ಪು ಕಟ್ಟಡ ತೋರಿಸಿದ. ಮೇಷ್ಟ್ರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಒಂದು ಕಾಗೆಯ ಚಿತ್ರದ ಮೇಲೆ ಪಾರದರ್ಶಕವಾದ ಶೀಟು ಇಟ್ಟು, ಮಸಿಯಲ್ಲಿ ಗೆರೆ ಎಳೆಯಲು ಹೇಳಿದರು. ಎಳೆದೆ. "ಕೈ ನಡುಗೋದಿಲ್ಲ. ನಾಳೆಯಿಂದ ಬನ್ನಿ," ಅಂದರು. ಮಾರನೆಯ ದಿನ ಹೋದಾಗ ನನ್ನ ಎತ್ತರಕ್ಕೆ ಸರಿಯಾಗಿ ಕಾಲು ಕೊಯ್ಸಿದ ಸ್ಟೂಲು ಕಾದಿತ್ತು. ಅದನ್ನು ಅವರು ಯಾವಾಗ ಅಳೆದುಕೊಂಡರೋ ನನಗೆ ತಿಳಿಯಲಿಲ್ಲ.

ಕೆಲಸ ಹೀಗಿತ್ತು. ಮೇಷ್ಟ್ರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಮುಖ್ಯ ಚಿತ್ರಗಳನ್ನು ಬರೆಯುವರು. ಅವುಗಳ ನಡುವೆ ಬರುವ ಚಿತ್ರಗಳನ್ನು ನಾನು ತುಂಬಿ, ಎಲ್ಲವನ್ನೂ ಶೀಟುಗಳ ಮೇಲೆ ಮಸಿಯಲ್ಲಿ ಎತ್ತಿಕೊಳ್ಳುವುದು. ಶೀಟಿನ ಹಿಂಬದಿಗೆ ಫಿಲೋಮಿನಾ ಬಣ್ಣ ತುಂಬುವುದು. ಫಿಲೋಮಿನಾ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಬಾಯಿ ಜೋರು, ಬಣ್ಣದ ಕೈ ಬಹಳ ನಯ. ಒಣಗಿದ ಶೀಟುಗಳನ್ನು ಕ್ಯಾಮೆರಾದ ಕೆಳಗೆ ಒಂದೊಂದಾಗಿ ಇಟ್ಟು ಚಿತ್ರ ತೆಗೆಯುತ್ತಿದ್ದರು. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಅದೇ ಶೀಟುಗಳನ್ನು ಮತ್ತೆ ಬಳಸುತ್ತಿದ್ದೆವು. ಅವು ಹಡಗಿನಲ್ಲಿ ಬರಬೇಕಾಗಿತ್ತು.

ಬೇರೆ ಊರುಗಳಲ್ಲಿ ಬೊಂಬೆಯನ್ನು ಬರೆಯುವವರು ತಮಗೆ ತೋಚಿದ ಹಾಗೆ ನಡೆಸುತ್ತಾರಂತೆ. ನಮ್ಮಲ್ಲಿ ಹಾಗಾಗುತ್ತಿರಲಿಲ್ಲ. ಬೊಂಬೆಗೆ ನಡಿಗೆ ಬೇಕಾದರೆ ಊರಿನ ಯಾರಾದರೂ ತಮ್ಮ ನಡಿಗೆಯನ್ನು ಕೊಡಬೇಕು. ಅವರನ್ನು ಎದುರಿಗೆ ಇಟ್ಟುಕೊಂಡು ಬರೆದು, ಕೊನೆಯ ಶೀಟಿನ ಬಣ್ಣ ಒಣಗಿದ ಕೂಡಲೇ ಅದು ಅವರಿಂದ ಹೊರಟು ಶೀಟಿಗೆ ಬರುವುದು. ಶೀಟು ತೊಳೆದ ದಿನ ಹಿಂದಿರುಗುವುದು. ಅಲ್ಲಿಯತನಕ ಕೊಟ್ಟವರು ಅದಿಲ್ಲದೆ ಹೊಂದಿಕೊಂಡು ಹೋಗಬೇಕು. ಜನ ಹೋಗುತ್ತಿದ್ದರು.

ನಮ್ಮ ಮೊದಲನೆಯ ಚಿತ್ರ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಜಡೆಯನ್ನು ಹಿಂದಕ್ಕೆ ಎಸೆದುಕೊಳ್ಳುವ ಬೆಡಗನ್ನು ಕನ್ಯಾಶಾಲೆಯ ಟೀಚರೊಬ್ಬರು ಕೊಟ್ಟರು. ನಾಲ್ಕು ತಿಂಗಳು ಅವರ ಜಡೆ ಮುಂದೆ ಬಿದ್ದರೆ ಮುಂದೆಯೇ ಇರುತ್ತಿತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸರು ಕೇಳದೆಯೇ ಕೈ ಚಾಚಿ ಅದನ್ನು ಹಿಂದಕ್ಕೆ ಹಾಕಿ, ಮಾತು ಮುಂದುವರಿಸುತ್ತಿದ್ದರು. ಕುದಿಸಿದ ನೀರು ಕುಡಿಯಿರಿ ಎಂಬ ಚಿತ್ರಕ್ಕೆ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತಮ್ಮ ನಡಿಗೆ ಕೊಟ್ಟರು. ಅಷ್ಟು ದಿನ ಅವರು ಹೆಂಡತಿಯ ನಡಿಗೆಯನ್ನು ನೋಡಿ ಕಲಿತು, ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬೀಟ್ ಮುಗಿಸುತ್ತಿದ್ದರು. ಚೌಕದಲ್ಲಿ ಅವರು ರಸ್ತೆ ದಾಟುವಾಗ ಜಟಕಾದವರು ಸ್ವಲ್ಪ ಹೆಚ್ಚು ಹೊತ್ತು ಲಗಾಮು ಹಿಡಿದುಕೊಂಡಿರುತ್ತಿದ್ದರು. ಒಬ್ಬ ಗಾಡಿಯವನು ಮಾತ್ರ, "ಸೆರಗು ಸಿಕ್ಕೊಂಡಾತು, ಜ್ವಾಕೆ ಸ್ವಾಮಿ," ಅಂದನಂತೆ. ಕಾನ್‌ಸ್ಟೇಬಲ್ಲೂ ನಕ್ಕರಂತೆ.

ಮೇಷ್ಟ್ರು ನಮಗೆ ಹೇಳಿಕೊಟ್ಟ ನಿಯಮ ಒಂದೇ. "ನೋಡ್ರಮ್ಮ, ಒಬ್ಬರದ್ದನ್ನ ಒಬ್ಬರದ್ದೇ ಆಗಿ ಬರೀಬೇಕು. ಬೆರೆಸಬಾರದು." ಯಾಕೆ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದುವರೆಗೆ ಯಾರೂ ಬೆರೆಸಿರಲಿಲ್ಲ.

ಎಂಟನೆಯ ವರ್ಷ ನಾವು ಸ್ವಂತದ ಒಂದು ದೊಡ್ಡ ಚಿತ್ರಕ್ಕೆ ಕೈ ಹಾಕಿದೆವು. ಮೋಡಗಳನ್ನು ಮಲಗಿಸುವ ಒಬ್ಬ ಅಜ್ಜಿಯ ಕಥೆ. ಮೋಡಗಳೆಲ್ಲ ಒಟ್ಟಿಗೆ ಎಚ್ಚರವಾಗಿಬಿಟ್ಟರೆ ಊರು ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಅಜ್ಜಿ ಗುಡ್ಡದ ಮೇಲೆ ಕೂತು ಒಂದೊಂದನ್ನೇ ತಟ್ಟಿ ಮಲಗಿಸುತ್ತಾಳೆ. ಕಥೆ ಮೇಷ್ಟ್ರದೇ. ಚಿತ್ರದ ಜೀವವೆಲ್ಲ ಆ ತಟ್ಟುವ ಕೈಯಲ್ಲಿತ್ತು. ಅದನ್ನೇ ಮೊದಲು ಬರೆಯೋಣ ಎಂದು ಅವರು ಹೇಳಿದರು.

ಕೊಡುವವರನ್ನು ಹುಡುಕಿದವಳು ಫಿಲೋಮಿನಾ. ಸ್ಟುಡಿಯೋದ ಬಟ್ಟೆ ಇಲಾಖೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ದೇವೀರಮ್ಮ ಎಂಬ ಹೆಂಗಸಿದ್ದರು. ಆಗ ಅವರಿಗೆ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸುಶೀಲೆಗೆ ಮದುವೆಯಾಗಿತ್ತು. ಅವರು ತಟ್ಟಿದರೆ ಎಂಥ ಮಗುವಾದರೂ ನಿದ್ದೆ ಹೋಗುತ್ತದೆಂದು ಸ್ಟುಡಿಯೋದಲ್ಲಿ ಹೆಸರಾಗಿತ್ತು. ಕೂಸುಗಳ ದೃಶ್ಯವಿದ್ದಾಗ ಡೈರೆಕ್ಟರುಗಳು ಅವರನ್ನು ಕರೆಸುತ್ತಿದ್ದರು. ಮೇಷ್ಟ್ರು ಕೇಳಿದಾಗ ದೇವೀರಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳಿದ್ದು ನನಗೆ ನೆನಪಿದೆ.

"ಅದ್ಕೇನಂತೆ, ಇಟ್ಕಳಿ ಸ್ವಾಮಿ. ನನ್ ಮಗ್ಳು ಮದ್ವೆಯಾಗಿ ಹೋದ್ಲು. ಇನ್ಯಾರ್ನ ತಟ್ಟಿ ಮಲಗಿಸ್ಬೇಕು ನಾನು, ಈ ಸಿಪಾಯಿ ಷರಾಯಿಗಳ್ನಾ?"

ಎರಡು ಬೆಳಗ್ಗೆ ಅವರು ಬಂದು ನಮ್ಮ ಚಾಪೆಯ ಮೇಲೆ ಕೂತರು. ತಟ್ಟಲು ದಿಂಬು ಕೊಟ್ಟೆವು. ದಿಂಬಿಗೆ ಕೈ ಏಳಲಿಲ್ಲ. ಕೊನೆಗೆ ಬಟ್ಟೆ ಇಲಾಖೆಯಿಂದ ರಾಜನ ಶಾಲು ತಂದು ಸುರುಳಿ ಸುತ್ತಿ, ಒಂದು ತುದಿಗೆ ತಲೆಯ ಹಾಗೆ ಗಂಟು ಹಾಕಿಕೊಂಡರು. ಅದರ ಮೇಲೆ ಅವರ ಕೈ ಇಳಿಯುವುದನ್ನು ನೋಡುತ್ತ ನೋಡುತ್ತ ಫಿಲೋಮಿನಾ ನಿಜವಾಗಿಯೂ ತೂಕಡಿಸಿದಳು. ಕೈ ಇಳಿಯುವ ಮೂವತ್ತೆರಡು ಚಿತ್ರಗಳನ್ನು ಮೇಷ್ಟ್ರು ಆ ಎರಡು ದಿನಗಳಲ್ಲಿ ಬರೆದರು. ಕೈ ಏಳುವ ಮೂವತ್ತೆರಡು ಉಳಿದವು. ಅಷ್ಟರಲ್ಲಿ ಮೇಷ್ಟ್ರಿಗೆ ಕಣ್ಣು ಬೇನೆ ಬಂತು. "ವನಮಾಲಾ, ದೇವೀರಮ್ಮನ್ನ ಕೂರಿಸ್ಕೊಂಡು ಮಿಕ್ಕಿದ್ದು ನೀವು ಬರೆದುಬಿಡಿ," ಎಂದು ಹೇಳಿ ಮನೆಗೆ ಹೋದರು.

ಮಾರನೆಯ ದಿನ ನಾನು ಇಸ್ತ್ರಿ ಷೆಡ್ಡಿಗೆ ಹೋದೆ. ಅರಮನೆಯ ಸೆಟ್ಟಿನಲ್ಲಿ ಯುದ್ಧದ ದೃಶ್ಯ ನಡೆಯುತ್ತಿತ್ತು. ನಲವತ್ತು ಸೈನಿಕರ ಉಡುಪು ರಾಶಿ ಬಿದ್ದಿತ್ತು. ದೇವೀರಮ್ಮನ ಎರಡು ಬೆರಳುಗಳಿಗೆ ಬೊಬ್ಬೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಬಿಸ್ಲಲ್ಲಿ ಬಂದ್ರಾ ತಾಯಿ," ಎಂದು ಮಜ್ಜಿಗೆ ಕೊಟ್ಟರು. ಅವರನ್ನು ಮತ್ತೆ ಚಾಪೆಯ ಮೇಲೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಮಜ್ಜಿಗೆ ಕುಡಿದು ಹಿಂದಿರುಗಿದೆ. ಆಮೇಲೆ ನನ್ನ ಎಡಗೈಯನ್ನು ನನ್ನ ತೊಡೆಯ ಮೇಲಿಟ್ಟು ತಟ್ಟಿಕೊಂಡು, ಅದು ಏಳುವುದನ್ನು ನೋಡಿ ಬಲಗೈಯಲ್ಲಿ ಬರೆದೆ. ಮೂವತ್ತೆರಡೂ ಹಾಗೆಯೇ. ಮೇಷ್ಟ್ರು ಕಣ್ಣು ವಾಸಿಯಾಗಿ ಬಂದು ನೋಡಿ, "ಚೆನ್ನಾಗಿದೆ," ಅಂದರು. ನಾನು ಏನೂ ಹೇಳಲಿಲ್ಲ. ಒಬ್ಬ ಬಡವಿಯನ್ನು ತೊಂದರೆಯಿಂದ ತಪ್ಪಿಸಿದೆ ಎಂದು ಒಳಗೊಳಗೇ ಸಮಾಧಾನವೂ ಇತ್ತು.

ಕೊನೆಯ ಶೀಟು ಒಣಗಿದ ದಿನದಿಂದ ದೇವೀರಮ್ಮನಿಂದ ತಟ್ಟುವುದು ಹೋಯಿತು. ಅವರಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ನನಗೂ ಮದುವೆಯಾಗಿರಲಿಲ್ಲ, ಮನೆಯಲ್ಲಿ ಕೂಸುಗಳಿರಲಿಲ್ಲ. ಒಂದು ಸಲ ಫಿಲೋಮಿನಾ ಉಪ್ಪಿಟ್ಟು ನೆತ್ತಿಗೇರಿ ಕೆಮ್ಮಿದಾಗ, ಬೆನ್ನು ತಟ್ಟಲು ಹೋದ ನನ್ನ ಎಡಗೈ ಗಾಳಿಯಲ್ಲಿಯೇ ನಿಂತುಬಿಟ್ಟಿತು. ಭುಜ ಹಿಡಿದುಕೊಂಡಿರಬೇಕು ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡೆ.

ಇದಾದ ಮೇಲೆ ಚಿತ್ರ ಎರಡೂವರೆ ವರ್ಷ ಎಳೆಯಿತು. ಆ ಅರವತ್ನಾಲ್ಕು ಶೀಟುಗಳನ್ನು ಕ್ಯಾಮೆರಾಕ್ಕೆ ಕೊಡಬೇಕು ಎನ್ನುವಾಗ ಲೆನ್ಸಿಗೆ ಬೂಷ್ಟು ಹಿಡಿಯಿತು. ಶುದ್ಧ ಮಾಡಿಸಲು ಅದನ್ನು ಹಡಗಿನಲ್ಲಿ ಕಳಿಸಿದರು. ಅದು ಬರಲೇ ಇಲ್ಲ. ನಾವು ಬೇರೆ ದೃಶ್ಯಗಳ ಪೆನ್ಸಿಲ್ ಕೆಲಸ ಮಾಡುತ್ತ ಕೂತೆವು. ಯಜಮಾನರು ತೀರಿಕೊಂಡರು. ಅವರ ಅಳಿಯಂದಿರಿಗೆ ಸಿನಿಮಾದಲ್ಲಿ ಆಸಕ್ತಿಯಿರಲಿಲ್ಲ. ಶೂಟಿಂಗ್ ಫ್ಲೋರುಗಳಲ್ಲಿ ಮದುವೆಗಳು ನಡೆಯತೊಡಗಿದವು. ಅರಮನೆಯ ಸಿಂಹಾಸನದ ಮೇಲೆ ವಧೂವರರನ್ನು ಕೂರಿಸುತ್ತಿದ್ದರು.

ಆ ಹೊತ್ತಿಗೆ ದೇವೀರಮ್ಮನ ಮಗಳು ಸುಶೀಲೆಗೆ ಬಾಣಂತನದಲ್ಲಿಯೇ ಕ್ಷಯ ಎಂದು ಗೊತ್ತಾಯಿತು. ಅವಳನ್ನು ದೂರದ ಬೆಟ್ಟದ ಮೇಲಿನ ಆಸ್ಪತ್ರೆಗೆ ಸೇರಿಸಿದರು. ಅವಳ ಗಂಡನಿಗೆ ರೈಲ್ವೆಯಲ್ಲಿ ಊರೂರು ಸುತ್ತುವ ಕೆಲಸ. ನಾಲ್ಕು ತಿಂಗಳ ಹೆಣ್ಣು ಕೂಸು ಚೆಲುವಿ ಅಜ್ಜಿಯ ಕೈಗೆ ಬಂತು.

ಚೆಲುವಿ ನಿದ್ದೆ ಮಾಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಕಣ್ಣು ಅಗಲಿಸಿಕೊಂಡು ಮಲಗಿರುವುದು, ಬಳಲಿ ಬಳಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು, ಬೆಚ್ಚಿ ಏಳುವುದು. ದೇವೀರಮ್ಮ ಇಸ್ತ್ರಿ ಷೆಡ್ಡಿನ ಮೂಲೆಯಲ್ಲಿ ಜೋಲಿ ಕಟ್ಟಿಕೊಂಡು ಅಲ್ಲಿಯೇ ನೋಡಿಕೊಳ್ಳುತ್ತಿದ್ದರು. ಮಗುವಿನ ಮೇಲೆ ಅವರ ಕೈ ಹೋಗುವುದು, ಅರ್ಧ ದಾರಿಯಲ್ಲಿ ನಿಲ್ಲುವುದು. ಒಳಕೋಣೆಗೆ ಬಂದು ಯಾಕೆ ಬಂದೆ ಎಂದು ಮರೆತವರ ಹಾಗೆ ಆ ಕೈ ನಿಂತಿರುತ್ತಿತ್ತು. ಊರಿನವರು ತಮಗೆ ತಿಳಿದ ಉಪಾಯ ಮಾಡಿದರು. ಹೂ ಮಾರುವವಳು ಬಂದು ತನ್ನ ತಟ್ಟುವಿಕೆ ಕಲಿಸಿಕೊಟ್ಟಳು. ಸೂಲಗಿತ್ತಿ ತನ್ನದನ್ನು ಕಲಿಸಿದಳು. ಮಸೀದಿ ಬೀದಿಯ ಹಾಸಿಗೆ ಹೊಲಿಯುವ ಮುದುಕರೂ ಒಂದು ದಿನ ಬಂದು, ತಮ್ಮ ಏಳು ಮಕ್ಕಳು ಮಲಗಿದ ರೀತಿ ಇದು ಎಂದು ತೋರಿಸಿ ಹೋದರು. ದೇವೀರಮ್ಮ ಒಂದೊಂದನ್ನೂ ಕಲಿತು ತಟ್ಟಿದರು. ಕೂಸು ಎಲ್ಲರನ್ನೂ ಕುತೂಹಲದಿಂದ ನೋಡಿತು. ಮಲಗಲಿಲ್ಲ. ಆರೋಗ್ಯ ಕೇಂದ್ರದ ನರ್ಸು ವಾರವಾರ ತೂಗಿ, ಏರುತ್ತಿಲ್ಲ ಎಂದು ತಲೆಯಾಡಿಸುತ್ತಿದ್ದರು.

ಸುಶೀಲೆಯ ನಾದಿನಿ ನಂಜಮ್ಮಣ್ಣಿ ಎಂಬುವರು ನೋಡಲು ಬಂದ ದಿನ ನಾನು ಷೆಡ್ಡಿನಲ್ಲಿದ್ದೆ. ದಪ್ಪ ಹೆಂಗಸು, ಐದು ಮಕ್ಕಳ ತಾಯಿ. ಕೂಸನ್ನು ಎತ್ತಿ ನೋಡಿ ಅವರ ಮುಖ ಸಣ್ಣಗಾಯಿತು.

"ಅತ್ತೆಮ್ಮ, ಬೇಜಾರು ಮಾಡ್ಕಬೇಡಿ. ನಮ್ಮಣ್ಣಂಗೂ ಹೇಳಿದೀನಿ. ಮುಂದಿನ ಭಾನ್ವಾರ ಬರ್ತೀನಿ. ಅಷ್ಟ್ರೊಳ್ಗೆ ಮಗು ನಿದ್ದೆಗಿದ್ದೆ ಮಾಡ್ತಾ ಇದ್ರೆ ಸರಿ. ಇಲ್ದಿದ್ರೆ ನಾನು ಕರ್ಕೊಂಡು ಹೋಗ್ತೀನಿ."

"ನಿಮ್ಮೂರಿಗೆ ಎರಡು ದಿನದ ದಾರಿ ಕಣವ್ವ," ಅಂದರು ದೇವೀರಮ್ಮ.

"ದಾರಿ ದೂರ ಅಂತ ಮಗೀನ ಕಳ್ಕೊಳ್ಳಕಾಯ್ತದಾ?"

ನಂಜಮ್ಮಣ್ಣಿ ಕೆಟ್ಟವರಲ್ಲ ಎಂಬುದೇ ಕಷ್ಟವಾಗಿತ್ತು. ಆ ಎರಡು ದಿನದ ದಾರಿಯನ್ನು ದೇವೀರಮ್ಮ ಜನ್ಮದಲ್ಲಿ ಎಷ್ಟು ಸಲ ಹೋಗಿಬರಬಲ್ಲರು ಎಂದು ಷೆಡ್ಡಿನಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ನಂಜಮ್ಮಣ್ಣಿ ಹೋದ ಮೇಲೆ ದೇವೀರಮ್ಮ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ಇಸ್ತ್ರಿಯಾಗಿದ್ದ ಒಂದು ಪಂಚೆಯನ್ನೇ ಮತ್ತೆ ಇಸ್ತ್ರಿ ಮಾಡಿದರು.

ಚಿತ್ರ ಮುಗಿಯುವ ಮೊದಲು ಕೊಟ್ಟದ್ದನ್ನು ವಾಪಸು ಕೇಳುವ ಪದ್ಧತಿ ನಮ್ಮ ಊರಿನಲ್ಲಿರಲಿಲ್ಲ. ಅವರು ಕೇಳಲೂ ಇಲ್ಲ. ಮೇಷ್ಟ್ರಿಗೆ ಹೇಳಿದವರು ನಾನೂ ಫಿಲೋಮಿನಾನೂ. ಅದು ಶುಕ್ರವಾರ. ಸೋಮವಾರ ದೊಡ್ಡ ಊರಿನಿಂದ ಒಬ್ಬ ವಿತರಕರು ಬರುವವರಿದ್ದರು. ಚಿತ್ರ ಅವರಿಗೆ ಹಿಡಿಸಿದರೆ ಬೊಂಬೆ ಸೆಕ್ಷನ್ ಉಳಿಯುವುದು, ಇಲ್ಲವಾದರೆ ಅಳಿಯಂದಿರು ಅದನ್ನು ಮುಚ್ಚುವುದು ಎಂದು ತೀರ್ಮಾನವಾಗಿತ್ತು. ಲೆನ್ಸಿಲ್ಲದ ಕಾರಣ, ತಟ್ಟುವ ದೃಶ್ಯದ ಶೀಟುಗಳನ್ನು ಬೆಳಕಿನ ಮೇಜಿನ ಮೇಲೆ ಕೈಯಲ್ಲೇ ಬೇಗ ಬೇಗ ಸರಿಸಿ ತೋರಿಸುವುದೆಂದು ಮೇಷ್ಟ್ರು ವಾರದಿಂದ ಅಭ್ಯಾಸ ಮಾಡುತ್ತಿದ್ದರು. ಬಣ್ಣ ತುಂಬಿ ಪೂರ್ತಿಯಾಗಿದ್ದ ದೃಶ್ಯ ಅದೊಂದೇ.

ಮೇಷ್ಟ್ರು ನಮ್ಮ ಮಾತು ಪೂರ್ತಿ ಕೇಳಿದರು. ಸೆಕ್ಷನ್ನಿನಲ್ಲಿದ್ದ ಎಲ್ಲರನ್ನೂ ಕರೆದರು. ಒಟ್ಟು ಎಂಟು ಜನ.

"ಶೀಟು ತೊಳೆದರೆ ಸೋಮವಾರ ತೋರಿಸೋದಕ್ಕೆ ಏನೂ ಇರಲ್ಲ. ನೀವೆಲ್ಲ ಮನೆ ನಡೆಸೋರು. ನಾನೊಬ್ಬನೇ ಹೇಳೋ ಮಾತಲ್ಲ ಇದು."

ಫಿಲೋಮಿನಾ ಎದ್ದು ಹಿಂದಿನ ಬಾಗಿಲ ಹತ್ತಿರ ಹೋಗಿ, ತೊಳೆಯುವ ದೊಡ್ಡ ತೊಟ್ಟಿಯಲ್ಲಿದ್ದ ಹಳೆಯ ಬ್ರಷ್ಷುಗಳನ್ನು ಹೊರಗೆ ತೆಗೆದಿಟ್ಟಳು. "ನಾಳೆ ಬೆಳಿಗ್ಗೆ ನೀರು ಕಾಯಿಸ್ಬೇಕಲ್ಲ. ಸೌದೆ ಇದೆಯಾ ನೋಡ್ಬೇಕು," ಅಂದಳು. ಹಿನ್ನೆಲೆಯ ಚಿತ್ರ ಬರೆಯುವ ಇಬ್ಬರು ಸೌದೆ ನೋಡಲು ಹೋದರು. ಅಲ್ಲಿಗೆ ಸಭೆ ಮುಗಿಯಿತು.

ಶನಿವಾರ ಬೆಳಿಗ್ಗೆ ದೇವೀರಮ್ಮ ಚೆಲುವಿಯನ್ನು ಎತ್ತಿಕೊಂಡು ಬಂದು ನಮ್ಮ ಚಾಪೆಯ ಮೇಲೆ ಕೂತರು. "ನನ್ನಿಂದ ಇಷ್ಟೆಲ್ಲ," ಎಂದು ಶುರು ಮಾಡಿದರು. ಮೇಷ್ಟ್ರು, "ಮಗು ದೊಡ್ಡದಾದ ಮೇಲೆ ಮತ್ತೆ ಕೇಳ್ತೀವಿ, ಆಗ ಕೊಡುವಿರಂತೆ," ಎಂದು ಮಾತು ಮುಗಿಸಿದರು. ಉಗುರುಬೆಚ್ಚಗಿನ ನೀರಿಗೆ ಸೋಪು ಕದಡಿ, ಕೊನೆಯ ಶೀಟಿನಿಂದ ಹಿಂದಕ್ಕೆ ಒಂದೊಂದಾಗಿ ತೊಳೆದೆವು. ಅಜ್ಜಿಯ ಕೈಯ ಗೋಧಿ ಬಣ್ಣ, ಹಸಿರು ಬಳೆಗಳು, ಮೋಡದ ಬೂದಿ ಎಲ್ಲ ನೀರಿಗೆ ಬಂತು. ನಾನು ತೊಳೆದೆ, ಫಿಲೋಮಿನಾ ಒರೆಸಿದಳು, ಮೇಷ್ಟ್ರು ತಾವೇ ಬಿಸಿಲಿಗೆ ಇಟ್ಟರು. ಹನ್ನೊಂದು ಗಂಟೆಗೆ ಅರವತ್ನಾಲ್ಕೂ ಬರಿದಾದವು.

"ಈಗ ತಟ್ಟಿ ನೋಡಿ," ಅಂದರು ಮೇಷ್ಟ್ರು.

ದೇವೀರಮ್ಮ ಕೂಸನ್ನು ಮಲಗಿಸಿಕೊಂಡು ಕೈ ಎತ್ತಿದರು. ಎರಡೂವರೆ ವರ್ಷದ ಹಿಂದೆ ನೋಡಿದ್ದ ಅದೇ ಕೈ ಅದೇ ರೀತಿ ಇಳಿದು ಮಗುವಿನ ಹೊಟ್ಟೆಯ ಮೇಲೆ ಕೂತಿತು. ಅವರು ನಕ್ಕರು. ಕೈ ಅಲ್ಲಿಯೇ ಇತ್ತು. ಏಳಲಿಲ್ಲ. ಅವರು ಬಲವಂತವಾಗಿ ಕಿತ್ತುಕೊಂಡು ಮತ್ತೆ ಇಳಿಸಿದರು. ಮತ್ತೆ ಅಲ್ಲಿಯೇ ಕೂತಿತು. ಚೆಲುವಿ ಕಾದು ನೋಡಿ, ಮುಂದೇನೂ ಆಗದ್ದಕ್ಕೆ ಮುಖ ಕಿವುಚಿತು.

"ಎಲ್ಲೋ ಶೀಟು ಉಳಿದಿದೆ," ಅಂದರು ಮೇಷ್ಟ್ರು. ಎಲ್ಲರೂ ಕಪಾಟು, ಮೇಜಿನಡಿ, ರಟ್ಟಿನ ಪೆಟ್ಟಿಗೆಗಳನ್ನು ಹುಡುಕತೊಡಗಿದರು. ನಾನು ಕೈ ಒರೆಸಿಕೊಳ್ಳಲು ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡಿದ್ದೆ. ಅದರ ಮೇಲಿಟ್ಟ ನನ್ನ ಎಡಗೈ ತಾನಾಗಿ ಮೇಲೆದ್ದಿತು. ಕೆಳಗಿಟ್ಟೆ. ಮತ್ತೆ ಎದ್ದಿತು. ಅದು ಏಳುವ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತೆರಡು ಸಲ ಅದನ್ನು ನೋಡಿ ಬರೆದಿದ್ದೆ.

"ಮೇಷ್ಟ್ರೇ, ಹುಡುಕಬೇಡಿ," ಅಂದೆ. ಕಣ್ಣು ಬೇನೆ ಬಂದಿದ್ದ ಆ ವಾರದ ಕಥೆಯನ್ನು ನಿಂತುಕೊಂಡೇ ಹೇಳಿದೆ.

ಮೇಷ್ಟ್ರು ಬಹಳ ಹೊತ್ತು ಬಿಸಿಲಿನಲ್ಲಿದ್ದ ಶೀಟುಗಳ ಕಡೆ ನೋಡುತ್ತಿದ್ದರು. "ಶೀಟಿನ ಮೇಲೆ ಇದ್ದದ್ದು ಯಾರದೋ ಅವರಿಗೆ ಬಂತು. ದೇವೀರಮ್ಮನ ಕೈ ಏಳೋದು ಯಾವ ಶೀಟಿನ ಮೇಲೂ ಇರಲಿಲ್ಲ. ಹೋಗೋವಾಗ ಎಲ್ಲದರ ಜೊತೆ ಹೋಯ್ತು. ಈಗ ತೊಳೆದು ತರೋಣ ಅಂದರೆ ಅದು ಎಲ್ಲೂ ಇಲ್ಲ," ಅಂದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗಿರುತ್ತಿತ್ತು.

ನನಗೆ ದೇವೀರಮ್ಮನ ಮುಖ ನೋಡಲಾಗಲಿಲ್ಲ. "ಯಾಕ್ ತಾಯಿ ಆವತ್ತು ನನ್ ಕರೀಲಿಲ್ಲ?" ಎಂದು ಅವರೇ ಕೇಳಿದರು.

"ನಿಮ್ಮ ಬೆರಳಿಗೆ ಬೊಬ್ಬೆ ಬಂದಿತ್ತು."

ಅವರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು, ಆ ಬೊಬ್ಬೆಗಳು ಇನ್ನೂ ಅಲ್ಲಿಯೇ ಇವೆಯೇನೋ ಎಂಬಂತೆ. "ಅಷ್ಟಕ್ಕಾ," ಅಂದರು. ಆಮೇಲೆ ಚಾಪೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಬನ್ನಿ, ಕೂತ್ಕಳಿ ಇಲ್ಲಿ. ನಿಮ್ ಕೈಲಿ ಇರೋದನ್ನಾದ್ರೂ ನೋಡುವ."

ಕೂತೆ. ಅವರ ಕೈ ಇಳಿದು ಕೂಸಿನ ಹೊಟ್ಟೆಯ ಮೇಲೆ ಕೂತಿತು. ನಾನು ನನ್ನ ಎಡಗೈಯನ್ನು ಅವರ ಕೈಯ ಅಡಿಗೆ ತೂರಿಸಿದೆ. ಅದು ಎದ್ದಿತು, ಅವರದ್ದನ್ನೂ ಎತ್ತಿಕೊಂಡು. ಮೇಲಿಂದ ಅವರದು ಮತ್ತೆ ಇಳಿಯಿತು. ಮೊದಮೊದಲು ನನ್ನ ಬಳೆಗಳು ಅವರ ಬೆರಳಿಗೆ ಸಿಕ್ಕಿಕೊಂಡವು. ಅವರು ಅವನ್ನು ನನ್ನ ಮೊಣಕೈಗೆ ಏರಿಸಿದರು. ಚೆಲುವಿ ಒಂದು ಸಲ ಅವರ ಮುಖ ನೋಡಿತು, ಒಂದು ಸಲ ನನ್ನ ಮುಖ ನೋಡಿತು. ಹೀಗೆ ಎರಡು ಮೂರು ಸಲ ಎಣಿಸಿ ನೋಡಿದ ಹಾಗೆ ಮಾಡಿ, ಆಕಳಿಸಿತು. ಕೂಸು ನಿದ್ದೆ ಹೋಗಿ ಒಂದು ಗಂಟೆಯಾದರೂ ಏಳಲಿಲ್ಲ. ಆ ಒಂದು ಗಂಟೆ ಬೊಂಬೆ ಸೆಕ್ಷನ್ನಿನ ಎಂಟು ಜನ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಾಡಿದರು.

ಭಾನುವಾರ ನಂಜಮ್ಮಣ್ಣಿ ಮಗುವಿಗೆ ಹೊದಿಸಲು ಹೊಸ ಕಂಬಳಿ, ದಾರಿಗೆ ಹಾಲಿನ ಬಾಟಲಿ ಎಲ್ಲ ಸಿದ್ಧ ಮಾಡಿಕೊಂಡು ದೇವೀರಮ್ಮನ ಮನೆಗೆ ಬಂದರು. ಇಬ್ಬರು ಹೆಂಗಸರು ಒಂದು ಕೂಸಿನ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು.

"ಇದೇನತ್ತೆಮ್ಮ, ಒಂದು ಮಗೀಗೆ ಎರಡಾಳಾ?"

"ಹೂಂ ಕಣವ್ವ. ನಾನು ಇಳಿಸ್ತೀನಿ, ಇವರು ಎತ್ತತಾರೆ."

"ಈ ಮಿಸ್ಸು ಯಾರು?"

"ವನಮಾಲಮ್ಮ ಅಂತ. ಬಿ.ಎ. ಓದವ್ರೆ."

"ಬಿ.ಎ. ಓದಿ ಮಗ ತಟ್ಟೋ ಕೆಲ್ಸನಾ?" ಎಂದು ನಂಜಮ್ಮಣ್ಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವತ್ತು ಬಂದವ್ರೆ ಸರಿ. ನಾಳೆ? ನಾಡಿದ್ದು? ಇವರಿಗೂ ಕೆಲ್ಸ ಕಾರ್ಯ ಇರಕಿಲ್ವಾ?"

"ದಿನಾ ಬರ್ತಾರೆ," ಅಂದರು ದೇವೀರಮ್ಮ. ನನ್ನನ್ನು ಕೇಳಿರಲಿಲ್ಲ. ಕೇಳುವ ಧೈರ್ಯವಾಗಿರಲಿಲ್ಲವೋ ಏನೋ. ಅವರ ಕೈ ನನ್ನ ಕೈಯ ಮೇಲೆ ಕೊಂಚ ಭಾರವಾದದ್ದು ತಿಳಿಯಿತು.

"ಬರ್ತೀನಿ," ಅಂದೆ. "ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಸಂಜೆ ದೀಪ ಹಚ್ಚೋ ಹೊತ್ತಿಗೆ ಒಂದ್ಸಲ."

ನಂಜಮ್ಮಣ್ಣಿ ನನ್ನ ಮಾತು ನಂಬಿದರೋ ಇಲ್ಲವೋ, ಗೋಡೆಗೆ ಒರಗಿ ಕೂತುಬಿಟ್ಟರು. ಕೂಸು ನಿದ್ದೆ ಹೋಗುವುದನ್ನು ತಾವೇ ನೋಡಬೇಕೆಂದರು. ನೋಡಿದರು. ಆದ ಮೇಲೂ ನಂಬದೆ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದರು. ಏಳುವಾಗ ಕಂಬಳಿಯನ್ನು ಅಲ್ಲಿಯೇ ಬಿಟ್ಟರು. ಬುಟ್ಟಿಯಿಂದ ತುಪ್ಪದ ಡಬ್ಬಿ ತೆಗೆದು ಒಲೆಯ ಪಕ್ಕ ಇಟ್ಟರು. ಬಾಗಿಲ ಹೊರಗೆ ನನ್ನನ್ನು ಕರೆದು, "ತುಪ್ಪ ಅತ್ತೆಮ್ಮ ತಿನ್ನಕಿಲ್ಲ, ಎತ್ತಿಡ್ತಾರೆ. ನೀವು ಎದುರಿಗೆ ಕೂತು ತಿನ್ನಿಸಿ, ನೀವೂ ತಿನ್ನಿ," ಎಂದು ಹೇಳಿ ಹೋದರು. ಹೋಗುವಾಗ ಹಾಲಿನ ಬಾಟಲಿಯನ್ನು ಮಾತ್ರ ವಾಪಸು ತೆಗೆದುಕೊಂಡು ಹೋದರು.

ಸೋಮವಾರ ಬಂದ ವಿತರಕರು ಮರ್ಯಾದಸ್ಥರು. ಮೇಷ್ಟ್ರು ಶುಭ್ರವಾದ ಅರವತ್ನಾಲ್ಕು ಶೀಟುಗಳನ್ನು ತೋರಿಸಿ ನಡೆದದ್ದನ್ನು ಹೇಳಿದರು. ಅವರು ಕಾಫಿ ಕುಡಿದು, ಪೆನ್ಸಿಲ್ ಚಿತ್ರಗಳನ್ನು ತಿರುವಿ ಹಾಕಿ, ಬಟ್ಟೆ ಸೋಪಿನ ಜಾಹೀರಾತೊಂದನ್ನು ಮಾಡಿಕೊಡಲಾಗುತ್ತದೆಯೇ ಎಂದು ಕೇಳಿದರು. ಮಾಡಿಕೊಟ್ಟೆವು. ನಮ್ಮ ಕೊನೆಯ ಚಿತ್ರ ಅದು. ಬಟ್ಟೆ ಒಗೆಯುವ ರಭಸವನ್ನು ಫಿಲೋಮಿನಾ ಕೊಟ್ಟಳು, ಮೂರು ವಾರದಲ್ಲಿ ಹಿಂದಕ್ಕೂ ಪಡೆದಳು. ಆ ಮೂರು ವಾರ ಅವಳ ಗಂಡ ಬಟ್ಟೆ ಒಗೆದರು.

ಬೊಂಬೆ ಸೆಕ್ಷನ್ ಅದಾದ ಮೂರನೆಯ ತಿಂಗಳು ಮುಚ್ಚಿತು. ಬಾಗಿಲು ಹಾಕುವ ದಿನ ಮೇಷ್ಟ್ರು ನಮಗೆಲ್ಲ ಒಂದೊಂದು ಬ್ರಷ್ಷು ಕೊಟ್ಟರು. ಆಮೇಲೆ ಅವರು ಅಂಗಡಿಗಳ ಬೋರ್ಡು ಬರೆದರು. ಅವರು ಬರೆದ ಬೋರ್ಡುಗಳಲ್ಲಿ ಹಕ್ಕಿಯೋ ಹಸುವೋ ಇದ್ದರೆ ಈಗಲೂ ಜನ ನಿಂತು ನೋಡುತ್ತಾರೆ. ಫಿಲೋಮಿನಾ ಮಿಠಾಯಿ ಪೆಟ್ಟಿಗೆಗಳಿಗೆ ಹೂ ಬಳ್ಳಿ ಬರೆಯುವ ಕಾರ್ಖಾನೆ ಸೇರಿದಳು. ಮೋಡದ ಅಜ್ಜಿಯ ಪೆನ್ಸಿಲ್ ಹಾಳೆಗಳನ್ನು ಅಳಿಯಂದಿರು ಬೇಕರಿಗೆ ಮಾರಿದರು. ಒಂದು ವರ್ಷ ನಮ್ಮ ಊರಿನಲ್ಲಿ ಬನ್ನು ಕೊಂಡವರ ಮನೆಗೆ ಮೋಡದ ತುಂಡುಗಳು ಹೋದವು. ಲೆನ್ಸು ಕೊನೆಗೂ ಬಂತು. ಬೂಷ್ಟು ಪೂರ್ತಿ ಹೋಗಿತ್ತು. ಯಾರಿಗೆ ಕೊಡಬೇಕೆಂದು ತಿಳಿಯದೆ ಅಂಚೆಯವರು ಅದನ್ನು ಮೇಷ್ಟ್ರ ಮನೆಗೆ ಕೊಟ್ಟರು.

ನನಗೆ ಪೇಟೆಯ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು.

ಅಲ್ಲಿನ ದೊಡ್ಡ ಗುಮಾಸ್ತರಿಗೆ ವಿಷಯ ಹೇಳಿದಾಗ, ಅವರು ಏನೂ ಕೇಳದೆ ನನ್ನ ಊಟದ ವಿರಾಮವನ್ನು ಅರ್ಧ ಗಂಟೆ ಹೆಚ್ಚು ಮಾಡಿ, ಆ ಅರ್ಧ ಗಂಟೆ ತಾವೇ ನನ್ನ ಮೇಜಿನಲ್ಲಿ ಕೂರುತ್ತಿದ್ದರು. ಹದಿನಾಲ್ಕು ತಿಂಗಳು ನಾನು ದಿನಕ್ಕೆ ಮೂರು ಸಲ ದೇವೀರಮ್ಮನ ಮನೆಗೆ ಹೋದೆ. ಚೆಲುವಿಯ ತೂಕ ಏರಿತು, ಹಲ್ಲು ಬಂತು, ನಡೆಯಿತು. ಕೈ ತಟ್ಟುತ್ತ ನಾವು ಬೇರೆ ಏನೇನೋ ಮಾತಾಡುತ್ತಿದ್ದೆವು. ಆದರೆ ಅವರ ಕೈ ಏಳುವ ಸ್ವಂತ ರೀತಿ ನನ್ನಿಂದ ಹೋಯಿತೆಂಬ ಮಾತು ಮಾತ್ರ ಮತ್ತೆ ಬರಲಿಲ್ಲ. ಒಂದೆರಡು ಸಲ ನಾನು ಆ ಮಾತು ತೆಗೆಯಲು ಹೋದಾಗ, "ಬೆಕ್ಕಿಗೆ ಹಾಲು ಹುಯ್ದಾಯ್ತಾ," ಎಂದು ಅವರು ಎದ್ದು ಹೋದರು.

ಸುಶೀಲೆ ವಾಸಿಯಾಗಿ ಬಂದದ್ದು ಒಂದು ಬುಧವಾರ. ಡಾಕ್ಟರು ಇನ್ನು ಭಯವಿಲ್ಲ ಎಂದಿದ್ದರು. ನಾನು ಮಧ್ಯಾಹ್ನ ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಬಹಳ ತೆಳ್ಳಗಾಗಿದ್ದಳು. ಚೆಲುವಿ ಅವಳನ್ನು ದೂರದಿಂದ ನೋಡುತ್ತಿತ್ತು. ನಾನೂ ದೇವೀರಮ್ಮನೂ ಎಂದಿನಂತೆ ಕೂತೆವು. ಮಗು ಮಲಗಿತು. ಸುಶೀಲೆ ಎಲ್ಲವನ್ನೂ ನೋಡುತ್ತಿದ್ದಳು. ಆಮೇಲೆ ಬಂದು ಮಗಳ ಪಕ್ಕದಲ್ಲಿ, ನಮ್ಮ ಮುಂದೆ, ಚಾಪೆಯ ಮೇಲೆ ಮಲಗಿದಳು.

"ಅಲ್ಲಿ ವಾರ್ಡಲ್ಲಿ ನಿದ್ದೇನೇ ಬರ್ತಿರ್ಲಿಲ್ಲ ಕಣಮ್ಮ," ಅಂದಳು.

ದೇವೀರಮ್ಮ ನನ್ನ ಮುಖ ನೋಡಿದರು. ಅವರ ಕೈ ಮಗಳ ಬೆನ್ನಿನ ಮೇಲೆ ಇಳಿಯಿತು. ನಾನು ನನ್ನದನ್ನು ತೂರಿಸಿ ಎತ್ತಿದೆ. ಇಳಿಯಿತು, ಎತ್ತಿದೆ. ಸುಶೀಲೆ ಕಣ್ಣು ಮುಚ್ಚಿದ್ದವಳು ತೆರೆದಳು. ಅವಳೊಬ್ಬಳಿಗೇ ಹಳೆಯದು ಗೊತ್ತಿತ್ತು. ಅದರಲ್ಲಿ ಬೆಳೆದವಳು ಅವಳು.

"ಅಮ್ಮ, ನಿನ್ ಕೈ ಹಿಂಗಿರ್ಲಿಲ್ಲ."

ನನ್ನ ಕೈ ನಿಂತಿತು. ಹೇಳಬೇಕಾದ ಮಾತು ಹದಿನಾಲ್ಕು ತಿಂಗಳಿನಿಂದ ಗಂಟಲಲ್ಲಿ ಸಿದ್ಧವಾಗಿತ್ತು. ಹೇಳಲು ನಾನು ಬಾಯಿ ತೆರೆದೆ. ದೇವೀರಮ್ಮ ಇನ್ನೊಂದು ಕೈಯಿಂದ ನನ್ನ ಮೊಣಕಾಲನ್ನು ಅದುಮಿದರು.

"ಹೌದು ಕಣೆ," ಅಂದರು. "ಅರ್ಧ ನಂದು, ಅರ್ಧ ಇವರದು. ಇಬ್ರೂ ಸೇರಿ ನಿನ್ ಮಗೀನ ಉಳಿಸ್ಕೊಂಡ್ವಿ. ಹಿಡಿಸ್ಲಿಲ್ವಾ?"

ಸುಶೀಲೆ ಮಗಳ ಕಡೆಗೆ ಹೊರಳಿ, ನಮಗೆ ಬೆನ್ನು ಸರಿಯಾಗಿ ಸಿಗುವ ಹಾಗೆ ಮಲಗಿದಳು.

"ಹಂಗಲ್ಲ. ನಿಲ್ಲಿಸ್ಬೇಡಿ ಅಂತ," ಅಂದಳು.

ನಾವು ನಿಲ್ಲಿಸಲಿಲ್ಲ. ಆ ದಿನ ನಾನು ಲೈಬ್ರರಿಗೆ ವಾಪಸು ಹೋದಾಗ ಮೂರೂವರೆಯಾಗಿತ್ತು. ಗುಮಾಸ್ತರು ಇನ್ನೂ ನನ್ನ ಮೇಜಿನಲ್ಲಿಯೇ ಕೂತಿದ್ದರು.